ಗಾಳಿ ಅಳೆಯುವ ತಂತಿ

ತಾಂಡೂರಿನ ಧೂಳು ತಿಂದವರಿಗೇ ಗೊತ್ತು. ಫರಸಿ ಕಲ್ಲು ಹೇರಿದ ಲಾರಿ ಮುಂದೆ ಹೊಂಟರೆ ಹಿಂದಿನ ಗಾಡಿಯವನಿಗೆ ದಾರಿ ಕಾಣೋದಿಲ್ಲ. ಕಲ್ಲಿನ ಗಣಿ, ಪಾಲಿಶ್ ಮಶೀನು, ಸಿಮೆಂಟ್ ಕಾರ್ಖಾನಿ, ಅದರ ಮ್ಯಾಲ ರಾಶಿ ದಿನದೊಳಗ ತೊಗರಿ ಹೊಟ್ಟು. ಮನುಷ್ಯಾ ಆದರೆ ಮೂಗಿಗೆ ಟುವಾಲು ಕಟ್ಟಿಕೊಳ್ಳತಾನ. ಗಾಡಿ ಏನು ಮಾಡಬೇಕು? ಅದೂ ಉಸಿರಾಡತದ, ನಮಗಿಂತ ನೂರಾರು ಪಟ್ಟು ಹೆಚ್ಚು. 1 ಲೀಟರ್ ಡೀಸೆಲ್ ಪೂರಾ ಸುಡಬೇಕಂದ್ರ ಕಡಿಮೆ ಅಂದರೂ 10,000 ಲೀಟರ್ ಗಾಳಿ ಬೇಕು. ನಾವು ಪಂಪಿನ್ಯಾಗ ಡೀಸೆಲ್ ಲೆಕ್ಕ ನೋಡತೀವಿ, ಗಾಳಿ ಪುಕ್ಕಟೆ ಅಂತ ಯಾರೂ ಅದರ ಲೆಕ್ಕ ಕೇಳೋದಿಲ್ಲ. ಗಾಡಿ ಮಾತ್ರ ಕೇಳತದ.

ನಾನು ಹಾಡುವವ. ಹಂತಿ ಪದ, ತತ್ವಪದ, ಅಲಾಯಿ ದಿನದಾಗ ಅಲಾಯಿ ಪದ. ಮೂರು ಎಕರೆ ಹೊಲ, ಏಳನೇತ್ತೆ ಓದು. ವಾಚನಾಲಯದ ಹುಡುಗರು ಬರೀರಿ ಅಂದಾಗ ಪದದ ಬಗ್ಗೆನೇ ಬರೀತಾನ ಅಂತ ತಿಳಿದಿದ್ರು. ಪದದ ಬಗ್ಗೆ ಹಾಡೇ ಹೇಳತೀನಿ, ಅದನ್ನ ಬರೆಯೋದು ಯಾಕ? ಈ ಗಾಡಿ ಸಂಗತಿ ಹಾಡಿನ್ಯಾಗ ಕೂಡೋದಿಲ್ಲ, ಹಂಗಾಗಿ ಇದನ್ನ ಬರೆದೀನಿ. ಮಾಸ್ತರಗಳು ಓದತಾರ ಅಂತ ಲೆಕ್ಕಾನೂ ಹಾಕೀನಿ. ಬೇಕಾದರೆ ಮಕ್ಕಳ ಕೈಲಿಂದ ತಾಳೆ ನೋಡಿಸ್ರಿ.

ನನ್ನ ತಂಗಿಯ ಮಗ, ನನ್ನ ಅಳಿಯ, ಜಹೀರಾಬಾದಿನ ಹೈದರಾಬಾದ್–ಮುಂಬೈ ಹೆದ್ದಾರಿ ಮಗ್ಗಲಿಗೆ ಸಣ್ಣದೊಂದು ಗ್ಯಾರೇಜು ಹಾಕ್ಯಾನ. ತಂದಿ ಸಣ್ಣಂದಿರತಾನೇ ತೀರಿಕೊಂಡರು. ಐಟಿಐ ಮುಗಿಸಿ ಆರು ವರ್ಷ ಒಬ್ಬ ಹಿರೇ ಮಿಸ್ತ್ರಿ ಕೈಕೆಳಗ ಕಲಿತ. ಅವರಿಗೆ ಊರೆಲ್ಲ ಉಸ್ತಾದ್ ಅಂತದ. ಜಹೀರಾಬಾದಿನ್ಯಾಗ ಗಾಡಿ ಕೆಲಸ ಹೊಸದಲ್ಲ. 1980ರ ದಶಕದಾಗ ಆಲ್ವಿನ್ ನಿಸಾನ್ ಕಾರ್ಖಾನಿ ಬಂತು, ಆಮೇಲೆ ಅದು ಮಹೀಂದ್ರದವರ ಕೈಗೆ ಹೋಯ್ತು, ಮುಂದ ಟ್ರ್ಯಾಕ್ಟರ್ ಕಾರ್ಖಾನಿನೂ ಆಯ್ತು. ಕಬ್ಬು, ಶುಂಠಿ, ಆಲೂಗಡ್ಡಿ ಬೆಳೆಯೋ ಸೀಮಿಯೊಳಗ ಪಾನಾ ಹಿಡಿಯೋ ಹುಡುಗರೂ ಬೆಳೆದರು. ಅವರೊಳಗ ನಮ್ಮವನೂ ಒಬ್ಬ.

ಸಂಕ್ರಾಂತಿ ಮುಂದೆ ನಮ್ಮೂರಿನ ಒಬ್ಬರ ಪಿಕಪ್ ಗಾಡಿಗೆ ಎಮ್ಮಿ ಅಡ್ಡ ಬಂತು. ಎಮ್ಮಿಗೇನೂ ಆಗಲಿಲ್ಲ. ಗಾಡಿ ಮುಂದಿನ ಮೂಲಿ ಒಳಗ ಹೋಗಿ, ಗಾಳಿ ಸೋಸೋ ಡಬ್ಬಿ ಸೀಳಿಬಿಟ್ಟಿತು. ಆ ಡಬ್ಬಿಗೆ ಏರ್ ಕ್ಲೀನರ್ ಅಂತೀವಿ. ಡಬ್ಬಿ ಸೀಳಿದರೆ ಧೂಳು ಸೋಸದೇನೇ ಒಳಗ ಹೋಗತದ, ಟರ್ಬೋದ ಪಂಕದ ಎಲಿ ಸವೀತಾವ, ಸಿಲಿಂಡರ್ ಗೀರು ಬೀಳತಾವ. ಹೊಸ ಡಬ್ಬಿ ಬರಲಿಕ್ಕೆ ತಿಂಗಳಾಗತದ ಅಂದರು. ತೊಗರಿ ರಾಶಿ ದಿನ. ತಾಂಡೂರ ತೊಗರಿಗೆ 2022ರೊಳಗ ಜಿಐ ಗುರುತು ಸಿಕ್ಕಿದ ಮ್ಯಾಲ ಅಲ್ಲಿಯ ಹೆಸರು ಇನ್ನಷ್ಟು ಏರ್ಯಾದ, ಆ ಕಡೆ ಓಡಾಟ ಜಾಸ್ತಿ. ಮಾಲಕರು ತಿಂಗಳು ಗಾಡಿ ನಿಲ್ಲಿಸಿದರೆ ಕಂತು ಯಾರು ಕಟ್ಟಬೇಕು?

ಅಳಿಯ ಅಂದ: “ಕಾಕಾ, ನಾ ಮಾಡಿ ಕೊಡತೀನಿ. ಕಂಪನಿದಕ್ಕಿಂತ ದೊಡ್ಡ ಫಿಲ್ಟರ್, ಅಗಲ ಪೈಪು. ಧೂಳು ತಡೀತದ, ಗಾಡಿನೂ ಚಲೋ ಎಳೀತದ.”

ಟ್ರ್ಯಾಕ್ಟರಿಗೆ ಬಾನೆಟ್ ಮ್ಯಾಲ ಗಾಳಿ ತಿರುಗಿಸೋ ಬಟ್ಟಲ ಇರತದಲ್ಲ, ದಪ್ಪ ಧೂಳು ಸುತ್ತಿ ಸುತ್ತಿ ಪಕ್ಕಕ್ಕ ಬೀಳತದ, ಅಂಥದ್ದನ್ನೂ ಒಂದು ಸಣ್ಣದು ಹಚ್ಚಬೇಕು ಅಂತ ಅವನ ವಿಚಾರ. ಪೈಪು ಬಾನೆಟಿನ ಹೊರಗ ತೆಗೆಯೋ ಮಾತು ಬಂದಾಗ ಉಸ್ತಾದ್ ಬ್ಯಾಡ ಅಂದರು. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಮಾಡಿದ ನಮೂನೆಗಿಂತ ಬ್ಯಾರೆ ಆಗೋಹಂಗ ಗಾಡಿ ಬದಲಿ ಮಾಡಬಾರದು. 2019ರಾಗ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳ್ಯಾದ. ಒಳಗಿನ ಸಾಮಾನು ಒಳಗೇ ಇರಲಿ, ಮುಂದ ಕಂಪನಿ ಡಬ್ಬಿ ಬಂದ ಮ್ಯಾಲ ತೆಗೆದು ಅದನ್ನೇ ಹಚ್ಚೋಹಂಗ ಇರಲಿ ಅಂತ ಕರಾರು ಆಯ್ತು.

ಈಗ ಆ ತಂತಿ ಸುದ್ದಿ. ಹಳೇ ಡೀಸೆಲ್ ಗಾಡಿಗೆ ಇದು ಇದ್ದಿಲ್ಲ. ಗಾಳಿ ಎಷ್ಟು ಬಂದರೆ ಅಷ್ಟು. ಈಗಿನ ಗಾಡಿಯೊಳಗ ಒಂದು ಸಣ್ಣ ಕಂಪ್ಯೂಟರ್ ಕೂತು ಡೀಸೆಲ್ ಅಳೆದು ಹಾಕತದ. ಅದಕ್ಕ ಗಾಳಿ ಎಷ್ಟು ಬಂತು ಅಂತ ತಿಳೀಬೇಕು. ಫಿಲ್ಟರಿನ ಆಚೆ, ಟರ್ಬೋದ ಈಚೆ, ಪೈಪಿನೊಳಗ ಹೆಬ್ಬೆರಳಷ್ಟು ಒಂದು ಸಾಮಾನು ಇಳಿಬಿಟ್ಟಿರತಾರ. ಅದೇ ಗಾಳಿ ಅಳೆಯೋ ಸೆನ್ಸರ್. ಅದರೊಳಗ ಕೂದಲಿನಂಥ ತಂತಿ, ಇಲ್ಲಾ ತೆಳ್ಳನ ಪದರು. ಕರೆಂಟ್ ಕೊಟ್ಟು ಅದನ್ನ ಬಿಸಿ ಇಟ್ಟಿರತಾರ.

“ಬಿಸಿ ತಂತಿ ಗಾಳಿ ಹ್ಯಾಂಗ ಅಳೀತದೋ?” ಅಂತ ಕೇಳಿದೆ. ಅವ ಚಹಾ ಕುಡಿಯುತ್ತಿದ್ದ. ಬಸಿ ತೋರಿಸಿ ಅಂದ: “ಮಾಮಾ, ಚಹಾ ಊದಿದರೆ ಆರತದ ಹೌದಲ್ಲ? ನೀ ಊದತಾ ಇರು, ನಾ ಕೆಳಗ ಬೆಂಕಿ ಹಚ್ಚಿ ಚಹಾ ಆರದಂಗ ಇಡತೀನಿ. ನೀ ಜೋರ ಊದಿದರೆ ನಾ ಬೆಂಕಿ ಜೋರ ಮಾಡಬೇಕು. ಮೆಲ್ಲಕ ಊದಿದರೆ ಬೆಂಕಿ ಸಣ್ಣ. ಬೆಂಕಿ ನೋಡಿ ನೀ ಎಷ್ಟು ಊದಿದಿ ಅಂತ ಹೇಳಬಹುದು.”

ಇಷ್ಟು ಚಲೋ ಉಪಮಾನ ನನಗೂ ಹೊಳೀತಿದ್ದಿಲ್ಲ. ತಂತಿ ಆರದಂಗ ಇಡಲಿಕ್ಕೆ ಎಷ್ಟು ಕರೆಂಟ್ ಬೇಕಾಯ್ತೋ ಅದೇ ಗಾಳಿಯ ಲೆಕ್ಕ. ಮತ್ತ ಚಳಿಗಾಲದ ಗಾಳಿ ದಟ್ಟ, ಬ್ಯಾಸಗಿ ಗಾಳಿ ಹಗುರ. ದಟ್ಟ ಗಾಳಿ ತಂತಿನ ಹೆಚ್ಚು ಆರಸತದ. ಹಂಗಾಗಿ ಗಾಳಿ ಎಷ್ಟು ಲೀಟರ್ ಅನ್ನೋದಕ್ಕಿಂತ ಎಷ್ಟು ತೂಕ ಅನ್ನೋದನ್ನೇ ಅದು ಹೇಳತದ. ಇಂಜನ್‌ಗೆ ಬೇಕಾದದ್ದೂ ತೂಕವೇ.

ಒಂದು ಮಾತು ಇಲ್ಲೇ ಹೇಳಿಬಿಡತೀನಿ. ಈ ಎಲ್ಲಾ ಮಾತು ನಾವು ಕನ್ನಡದಾಗೇ ಆಡಿದ್ದು. 1956ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯೊಳಗ ಇದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯೊಳಗ. ಗಡಿ ಸರೀತು, ಮನಿ ಮಾತು ಸರೀಲಿಲ್ಲ. ಗ್ಯಾರೇಜಿನ್ಯಾಗ ಗಿರಾಕಿ ಕೂಡ ತೆಲುಗು, ಸಾಮಾನು ಅಂಗಡಿಯೊಳಗ ಉರ್ದು, ಗಾಡಿ ಪುಸ್ತಕ ಇಂಗ್ಲಿಷು, ಕೆಲಸ ಕೆಟ್ಟಾಗ ಬೈಯೋದು ಕನ್ನಡ. ಬೈಗುಳಕ್ಕಷ್ಟೇ ಅಲ್ಲ, ಇಂಥ ಸೂಕ್ಷ್ಮ ಸಂಗತಿಗೂ ನಮ್ಮ ಮಾತು ಸಾಲತದ ಅಂತ ಅವತ್ತು ಗೊತ್ತಾಯ್ತು.

ಅಳಿಯ ಎರಡು ದಿನ ಕೂತು ಕೆಲಸ ಮುಗಿಸಿದ. ಮೂರು ಇಂಚಿನ ಅಲ್ಯುಮಿನಿಯಂ ಪೈಪು, ದೊಡ್ಡ ಗುಂಡು ಫಿಲ್ಟರ್, ನಡುವ ಕೊರೆದು ಸೆನ್ಸರ್ ಕೂಡಿಸಿ ಪೇಚು ಬಿಗಿದ. ನೋಡಲಿಕ್ಕೆ ಮದುವಿ ಗಾಡಿ ಹಂಗ ಮಿರಿಮಿರಿ. ಖಾಲಿ ಗಾಡಿ ಊರ ತನಕ ಓಡಿಸಿದರೆ ಏನೂ ಗೊತ್ತಾಗಲಿಲ್ಲ. ಮಾಲಕರು ಖುಷಿಯಾಗಿ ಅರ್ಧ ರೊಕ್ಕ ಕೊಟ್ಟು ಹೋದರು.

ಮೂರನೇ ದಿನಕ್ಕೆ ತಾಂಡೂರಿನಿಂದ ವಿಕಾರಾಬಾದ್ ಕಡೆ ಲೋಡ್ ಹೇರಿಕೊಂಡು ಹೊಂಟಾಗ ಅನಂತಗಿರಿ ಏರಿನ ಮ್ಯಾಲ ಗಾಡಿ ಸೋತಿತು. ಎಕ್ಸಲೇಟರ್ ಪೂರಾ ತುಳಿದರೂ ಮುದುಕನ ನಡಿಗಿ. ಹಿಂದ ಲಾರಿ ಸಾಲು, ಹಾರನ್ನು. ರಾತ್ರಿ ಅರ್ಧ ಚೀಲ ಇಳಿಸಿ, ಬ್ಯಾರೆ ಗಾಡಿ ಬಾಡಿಗಿ ಹಿಡಿದು, ಮಾಲಕರು ಬೆಳಗಾಗೋದ್ರೊಳಗ ನಮ್ಮ ತಂಗಿ ಮನಿ ಮುಂದೆ ನಿಂತಿದ್ದರು.

“ಇಂಜನ್ ಕೆಡಿಸ್ಯಾನ ನಿಮ್ಮ ಹುಡುಗ. ಬಿಚ್ಚಿಸೋ ಖರ್ಚು ಅವನೇ ಕೊಡಬೇಕು.”

ಹನುಮಾನ ಗುಡಿ ಕಟ್ಟಿ ಮ್ಯಾಲ ನಾಲ್ಕು ಮಂದಿ ಹಿರಿಯರು ಕೂತರು. ಎಂಟು ದಿನದ ವಾಯಿದೆ ಆಯ್ತು. ಎಂಟು ದಿನದೊಳಗ ಗಾಡಿ ಸರಿಮಾಡಿ ಕೊಡಬೇಕು, ಇಲ್ಲಾ ಇಂಜನ್ ಬಿಚ್ಚಿಸೋ ಖರ್ಚು, ಎಂಟು ದಿನದ ಬಾಡಿಗಿ ಎಲ್ಲಾ ಅಳಿಯನ ಮ್ಯಾಲ. ತಂಗಿ ತನ್ನ ಬೋರಮಾಳ ಮೊದಲೇ ಒತ್ತಿ ಇಟ್ಟಿದ್ದಳು. ಆ ರೊಕ್ಕದಿಂದಲೇ ಗ್ಯಾರೇಜಿಗೆ ಸ್ಕ್ಯಾನರ್ ಬಂದದ್ದು. ಬಿಡಿಸಿಕೊಳ್ಳೋದು ದೂರ ಉಳೀತು, ಮುಳುಗೋ ಲಕ್ಷಣ ಕಾಣಿಸ್ತು. ಕಟ್ಟಿಯಿಂದ ಎದ್ದು ಬರಬೇಕಾದರೆ ಅವಳು ನನಗ ಒಂದೇ ಮಾತು ಅಂದಳು: “ಅಣ್ಣಾ, ನೀ ಅವನ ಸಂಗಾಟ ಇರು. ಹುಡುಗ ಉಂಡಿಲ್ಲ.”

ನನಗ ಗಾಡಿ ಕೆಲಸ ಏನು ಗೊತ್ತು? ಬುತ್ತಿ ಕಟ್ಟಿಕೊಂಡು ಹೋಗಿ ಗ್ಯಾರೇಜಿನ ಮೂಲಿಯೊಳಗ ಕೂತೆ.

ಉಸ್ತಾದ್ ಬಂದರು. ಇಂಜನ್ ಆವಾಜ್ ಕೇಳಿದರು, ಎಣ್ಣಿ ಕಡ್ಡಿ ತೆಗೆದು ಮೂಸಿದರು. “ಇಂಜನ್‌ಗೆ ಏನೂ ಆಗಿಲ್ಲ ಬೇಟಾ, ಇದು ಲೆಕ್ಕ ತಪ್ಪಿದ ಗಾಡಿ” ಅಂದರು. ಬಾಜೂಕ ಅದೇ ನಮೂನೆಯ ಇನ್ನೊಂದು ಗಾಡಿ, ಕಂಪನಿ ಡಬ್ಬಿ ಇದ್ದದ್ದು, ಬ್ರೇಕ್ ಕೆಲಸಕ್ಕ ಬಂದು ನಿಂತಿತ್ತು. ಎರಡಕ್ಕೂ ಸ್ಕ್ಯಾನರ್ ಹಚ್ಚಿ, ಎರಡೂ ಇಂಜನ್ ಒಂದೇ ವೇಗದಾಗ ಓಡಿಸಿ ನೋಡಿದರು. ಆ ಗಾಡಿ ನೂರು ತೋರಿಸಿದಲ್ಲಿ ನಮ್ಮದು ಎಪ್ಪತ್ತರ ಆಸುಪಾಸು.

“ಕಂಪನಿ ಪೈಪು ಸೆನ್ಸರ್ ಇರೋ ಜಾಗಾದಾಗ ಎಷ್ಟು ಅಗಲ?” ಅಂತ ಉಸ್ತಾದ್ ಕೇಳಿದರು. ಎರಡೂವರೆ ಇಂಚು. “ನಿಂದು?” ಮೂರು. “ಹಾಕು ಲೆಕ್ಕ.”

ಈ ಲೆಕ್ಕ ನನಗೂ ಬಂತು. ಎರಡೂವರೆ ಎರಡೂವರೆಲೆ ಆರೂಕಾಲು. ಮೂರು ಮೂರಲೆ ಒಂಬತ್ತು. ಪೈಪಿನ ಬಾಯಿ ಅರ್ಧ ಇಂಚು ಅಗಲಾದರೆ ಒಳಗಿನ ಜಾಗ ಅರ್ಧದಷ್ಟರ ಸಮೀಪ ಹೆಚ್ಚಾಗಿಬಿಡತದ. ಅಷ್ಟೇ ಗಾಳಿ ಅಗಲ ಪೈಪಿನ್ಯಾಗ ಹೋಗಬೇಕಾದರೆ ನಿಧಾನ ಹೋಗತದ, ಕಾಲುವಿ ಅಗಲಾದಲ್ಲಿ ನೀರು ನಿಧಾನ ಆಗೋಹಂಗ. ಆರೂಕಾಲನ್ನ ಒಂಬತ್ತಕ್ಕ ಭಾಗಿಸಿದರೆ ನೂರಕ್ಕ ಎಪ್ಪತ್ತು. ಸ್ಕ್ಯಾನರ್ ತೋರಿಸಿದ್ದೂ ಅದನ್ನೇ. ಸೆನ್ಸರ್ ಪೈಪಿನ ತುಂಬ ಇರೋ ಗಾಳಿ ಅಳೆಯೋದಿಲ್ಲ. ತನ್ನ ಕಿಂಡಿಯೊಳಗ ಹೊಕ್ಕಷ್ಟನ್ನ ಅಳೀತದ, ಉಳಿದದ್ದನ್ನ ಕಂಪ್ಯೂಟರ್ ಅಂದಾಜು ಹಾಕತದ. ಆ ಅಂದಾಜು ಎರಡೂವರೆ ಇಂಚಿನ ಪೈಪಿಗೆ ಬರೆದದ್ದು. ಗಾಳಿ ಕಡಿಮೆ ಬಂತು ಅಂತ ತಿಳಿದು, ಹೊಗಿ ಆಗಬಾರದು ಅಂತ ಡೀಸೆಲ್ ಕಡಿಮೆ ಮಾಡತದ. ಏರಿನ್ಯಾಗ ಗಾಡಿ ಸೋತದ್ದು ಅದಕ್ಕ. ಗಾಳಿ ಬೇಕಾದಷ್ಟು ಬರ್ತಿತ್ತು, ಲೆಕ್ಕದೊಳಗ ಬರ್ತಿರಲಿಲ್ಲ, ಅಷ್ಟೇ.

ಸರಿ, ಕಾರಣ ಸಿಕ್ತು ಅಂತ ನಾವು ನಕ್ಕೊಂಡು ಊಟ ಮಾಡಿದಿವಿ. ಅಳಿಯ ಒಡೆದ ಡಬ್ಬಿಯಿಂದ ಸೆನ್ಸರ್ ಕೂಡೋ ಕಂಪನಿ ನಳಿ ಕತ್ತರಿಸಿ ತೆಗೆದ. ಎರಡೂವರೆ ಇಂಚು, ಬಾಯಿಗೆ ಸಣ್ಣ ಜಾಲಿ. ಅದನ್ನ ಹೊಸ ಪೈಪಿಗೆ ಜೋಡಿಸಿದ. ಜಾಗ ಇದ್ದದ್ದು ಒಂದೇ ಕಡೆ, ಪೈಪು ಬ್ಯಾಟರಿ ಸುತ್ತಿ ಬಾಗೋ ಮೊಣಕೈ ಆದ ಕೂಡಲೇ. ಅಲ್ಲೇ ಹಚ್ಚಿದ.

ಈ ಸಲ ಗಾಡಿ ಕರೀ ಹೊಗಿ ಉಗುಳಿತು. ತುಳಿದ ಕೂಡಲೇ ಭಗ್ ಅಂತ. ಸ್ಕ್ಯಾನರ್ ನೋಡಿದರೆ ಜೋಡಿ ಗಾಡಿ ನೂರು ಅಂದಲ್ಲಿ ನಮ್ಮದು ಒಮ್ಮೆ ನೂರಾಹದಿನೈದು, ಒಮ್ಮೆ ನೂರಾ ಐದು, ನಿಂತಲ್ಲಿ ನಿಲ್ಲವಲ್ಲದು. ಬಂದದ್ದಕ್ಕಿಂತ ಹೆಚ್ಚು ಗಾಳಿ ಬಂತು ಅಂತ ತಿಳಿದು ಹೆಚ್ಚು ಡೀಸೆಲ್ ಹಾಕತದ, ಅದು ಸುಡದೇ ಹೊಗಿ. ಅಳಿಯ ನಳಿಯನ್ನ ಹಿಡಿದು ಅರ್ಧ ಸುತ್ತು ತಿರುಗಿಸಿದ, ಸೆನ್ಸರ್ ಬಾಗಿನ ಒಳಮಗ್ಗಲಿಗೆ ಬಂತು. ಈಗ ತೊಂಬತ್ತಕ್ಕ ಬಿತ್ತು! ಪೈಪು ಅದೇ, ಗಾಳಿ ಅದೇ, ತಂತಿ ಅದೇ. ತಿರುಗಿಸಿದ್ದಕ್ಕೇ ಇಷ್ಟು ಫರಕು.

ಐದು ದಿನ ಹೋಗಿದ್ದವು. ಅಳಿಯ ಪಾನಾ ಒಗೆದು ಕೂತುಬಿಟ್ಟ. “ಮಾಮಾ, ಸೆನ್ಸರೇ ಕೆಟ್ಟಿರಬೇಕು. ಹೊಸದು ತರಬೇಕಂದ್ರ ರೊಕ್ಕ ಎಲ್ಲಿಂದ?”

ನಾನು ಆ ಬಾಗಿದ ಪೈಪು ನೋಡತಾ ಕೂತಿದ್ದೆ. ನನಗ ಕಣದ ನೆನಪಾಯ್ತು.

ಈಗಿನ ಹುಡುಗರು ರಾಶಿ ಮಶೀನು ನೋಡ್ಯಾರ, ತೂರೋದು ನೋಡಿಲ್ಲ. ನಮ್ಮ ಕಾಲಕ್ಕ ಕಣ ಮಾಡೋದೇ ಒಂದು ವಿದ್ಯಾ. ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ, ನಡುವ ಮೇಟಿ ನೆಟ್ಟು ಎತ್ತು ಸುತ್ತು ಹೊಡೆಯೋದು. ರಾತ್ರಿ ಎಲ್ಲಾ ಹಂತಿ ಹೊಡೀತಾ ಪದ ಹಾಡತಿದ್ದಿವಿ, ಎತ್ತಿಗೂ ನಿದ್ದಿ ಬರಬಾರದು, ಹೊಡೆಯೋನಿಗೂ ಬರಬಾರದು. ಬೆಳಗ್ಗೆ ಗಾಳಿ ಬಿಟ್ಟ ಹೊತ್ತಿಗೆ ಎತ್ತರದ ಮಣಿ ಮ್ಯಾಲ ನಿಂತು ಬುಟ್ಟಿಯಿಂದ ಕಾಳು ಸುರುವೋದು. ಕಾಳು ಕಾಲ ಬುಡಕ್ಕ, ಹೊಟ್ಟು ದೂರಕ್ಕ. ನಮ್ಮಪ್ಪ ಕಣಕ್ಕ ಜಾಗ ಹುಡುಕಬೇಕಾದರೆ ಹಿಡಿ ಹೊಟ್ಟು ತೊಗೊಂಡು ಹೊಲ ತುಂಬ ತಿರುಗತಿದ್ದ. ಇಲ್ಲೊಂದಿಷ್ಟು ಬಿಡೋದು, ಅಲ್ಲೊಂದಿಷ್ಟು ಬಿಡೋದು. ಗ್ವಾಡಿ ಮಗ್ಗಲಿಗೆ ಹೊಟ್ಟು ತಿರುಗಿ ಕಾಳಿನ ಮ್ಯಾಲೇ ಬೀಳತದ. ಹುಣಸಿ ಮರದ ಹಿಂದ ಗಾಳಿ ಸುಳಿ ಆಗತದ. ದಿಬ್ಬದ ಮೂಲಿಯೊಳಗ ಗಾಳಿ ಒಂದು ಕಡೆ ನುಗ್ಗತದ, ಇನ್ನೊಂದು ಕಡೆ ಸತ್ತಿರತದ. ಕಣ ಬೇಕಾದದ್ದು ಬಯಲಿಗೆ, ಗಾಳಿ ದೂರದಿಂದ ನೆಟ್ಟಗ ಬರೋ ಕಡೆ. ತಡೆ ಮುಂದೆ ಇರೋದಕ್ಕಿಂತ ಹಿಂದೆ ಇದ್ದರೆ ತ್ರಾಸು ಕಡಿಮೆ, ಆದರೂ ತೀರ ಹತ್ತಿರ ಇರಬಾರದು.

“ನೀ ಗ್ವಾಡಿ ಮೂಲಿಗೆ ನಿಂತು ತೂರಲಿಕತ್ತೀದಿ” ಅಂತ ನಾ ಅಂದೆ.

ಉಸ್ತಾದ್ ಬೀಡಿ ಬಾಯಿಂದ ತೆಗೆದು ನನ್ನ ಮಾರಿ ನೋಡಿದರು. ಅವರೂ ಸಣ್ಣಂದಿರತಾ ಹೊಲದಾಗ ದುಡಿದವರೇ. “ಸಾಹಿ ಮಾತು. ಬಾಗಿನ್ಯಾಗ ಗಾಳಿ ಹೊರಮಗ್ಗಲಿಗೆ ನುಗ್ಗತದ. ಒಳಮಗ್ಗಲು ಸುಸ್ತು. ಮತ್ತ ಸುಳಿ ಹಾಕತಾ ಹೋಗತದ.” ಗಾಳಿ ಅಳೆಯೋ ಕಸುಬಿನವರು ಪೈಪು ಎಷ್ಟು ಅಗಲ ಅದರ ಹತ್ತು ಪಟ್ಟು ಉದ್ದ ಸೆನ್ಸರ್ ಮುಂದ, ಐದು ಪಟ್ಟು ಹಿಂದ ನೆಟ್ಟಗ ಬಿಡತಾರಂತ. ಎರಡೂವರೆ ಇಂಚಿಗೆ ಹತ್ತು ಪಟ್ಟು ಅಂದರೆ 25 ಇಂಚು, ಐದು ಪಟ್ಟು ಅಂದರೆ ಹನ್ನೆರಡೂವರೆ. ಮೂರು ಅಡಿಗೂ ಹೆಚ್ಚು ನೆಟ್ಟಗಿನ ಪೈಪು ಪಿಕಪ್ ಬಾನೆಟಿನೊಳಗ ಎಲ್ಲಿ ಕೂಡಬೇಕು? ಅಳಿಯನ ತಕರಾರು ಅದೇ ಇತ್ತು. ಪುಸ್ತಕದಾಗ ನೆಟ್ಟಗ ಇಡು ಅಂತ ಅವನೂ ಓದಿದ್ದ. ಸುಮ್ಮನ ಬರೆದಾರ ಅಂತ ಬಿಟ್ಟಿದ್ದ, ಎಷ್ಟು ಕೆಡತದ ಅಂತ ಕಣ್ಣಿಂದ ಕಂಡಿರಲಿಲ್ಲ.

ಕಣ್ಣಿಂದ ಕಾಣಿಸಿದ್ದು ಅವನ ಜಾಣತನ. ಪಾರದರ್ಶಕ ಪ್ಲಾಸ್ಟಿಕ್ ನಳಿ ಒಂದು ತಂದ. ಒಳಗ ಬೆರಳುದ್ದ ಬಿಳಿ ಹತ್ತಿ ದಾರ ಅಂಟಿಸಿದ. ಗಾಡಿಗೆ ಹಚ್ಚಿ ನೋಡೋಣ ಅಂದಾಗ ಉಸ್ತಾದ್ ಕೈ ಹಿಡಿದರು, ದಾರ ಕಿತ್ತು ಟರ್ಬೋದೊಳಗ ಹೋದರೆ? ಅದಕ್ಕ ಗ್ಯಾರೇಜಿನ ಧೂಳು ಊದೋ ಬ್ಲೋವರ್ ತಗೊಂಡು ಅದರ ಎಳೆಯೋ ಬಾಯಿಗೆ ಪೈಪು ಜೋಡಿಸಿದರು. ಚಾಲೂ ಮಾಡಿದರೆ, ಏನ್ ಹೇಳಲಿ, ಗಾಳಿ ಕಾಣತದ! ಮೊಣಕೈ ಆದ ಕೂಡಲೇ ಇರೋ ದಾರಗಳು ಹೊರಮಗ್ಗಲಿಗೆ ಬಿಗಿದು ನಿಂತಿದ್ದವು, ಒಳಮಗ್ಗಲಿನವು ಹಾವಿನ ನಾಲಿಗಿಹಂಗ ಪಟಪಟ ಬಡಕೋತಿದ್ದವು, ಒಂದೆರಡು ತಿರುಗಿ ಹಿಂದಕ್ಕೇ ಮಾರಿ ಮಾಡಿದ್ದವು. ನೆಟ್ಟಗಿನ ಪೈಪಿನೊಳಗ ಮುಂದ ಮುಂದ ಹೋದಂಗ ದಾರ ಶಾಂತ. ಹತ್ತು ಇಂಚಿನ ಆಚೆ ಬಾಚಿದ ಕೂದಲಿನಂಗ ಒಂದೇ ಕಡೆ ಮಲಗಿದ್ದವು. ಟ್ರ್ಯಾಕ್ಟರ್ ನಮೂನೆ ಬಟ್ಟಲ ಹಚ್ಚಿ ನೋಡಿದಾಗ ಪೈಪಿನೊಳಗ ಗಾಳಿ ಗಿರಗಿರ ತಿರುಗಿತು, ಧೂಳು ಬೀಳಿಸೋದೇ ಅದರ ಕೆಲಸ. ನಡುವ ಕಾಗದದ ಫಿಲ್ಟರ್ ಇಟ್ಟರೆ ಆ ತಿರುಗು ಅಲ್ಲೇ ನಿಂತು ಗಾಳಿ ಸಮಾ ಆಗಿ ಹೊರಬಂತು. ಜಾಲಿ ಇಟ್ಟರೆ ಇನ್ನಷ್ಟು ಸಮಾ. ಕಂಪನಿ ನಳಿ ಬಾಯಿಯ ಜಾಲಿ ಕಸ ತಡೆಯೋದಕ್ಕಷ್ಟೇ ಅಂತ ತಿಳಿದು ಕೆಲವರು ಕಿತ್ತು ಒಗೀತಾರ. ಅದು ಗಾಳಿಗೆ ಬಾಚಣಿಕಿ.

ಆ ರಾತ್ರಿ ಬಾನೆಟಿನೊಳಗ ಎಲ್ಲಾ ಬದಲಾಯ್ತು. ಫಿಲ್ಟರ್ ಇದ್ದ ಮೂಲಿ ಬಿಟ್ಟು, ರೇಡಿಯೇಟರ್ ಹಿಂದಿನ ಪಟ್ಟಿಗೆ ಅಡ್ಡಾಗಿ ಇನ್ನೊಂದು ಮೂಲಿಗೆ ಒಯ್ದರು. ಬಟ್ಟಲ ಫಿಲ್ಟರಿನ ಮುಂದ. ಹಂಗ ಮಾಡಿದ್ದಕ್ಕ ಹದಿನೈದು ಇಂಚು ನೆಟ್ಟಗಿನ ದಾರಿ ಸಿಕ್ತು. 37 ಬೇಕಾದಲ್ಲಿ ಹದಿನೈದು. ಇದ್ದದ್ದನ್ನೇ ಲೆಕ್ಕಾಚಾರದಿಂದ ಹಂಚಿದರು: ಫಿಲ್ಟರಿನಿಂದ ಸೆನ್ಸರಿಗೆ ಹತ್ತು ಇಂಚು, ಸೆನ್ಸರಿನಿಂದ ಮುಂದಿನ ಬಾಗಿಗೆ ಐದು. ಬಾಣದ ಗುರುತು ಇಂಜನ್ ಕಡೆ. ಸೆನ್ಸರ್ ಪೈಪಿನ ಕೆಳಮಗ್ಗಲಿಗೆ ಬ್ಯಾಡ, ಮಳಿಗಾಲದ ನೀರಿನ ಹನಿ ಕೆಳಗೇ ನಿಲ್ಲತಾವ, ಹಂಗಾಗಿ ಮ್ಯಾಲಿನಿಂದ ಜರಾ ವಾರಿ ಮಾಡಿ ಇಳಿಸಿದರು. ಇಂಜನ್ನಿನ ಹೊಟ್ಟಿಯಿಂದ ಎಣ್ಣಿ ಉಗಿ ತರೋ ಸಣ್ಣ ಪೈಪು ಸೆನ್ಸರ್ ದಾಟಿದ ಮ್ಯಾಲೇ ಕೂಡಬೇಕು. ಮೊದಲೇ ಕೂಡಿದರೆ ಎಣ್ಣಿ ತಂತಿಗೆ ಹತ್ತಿ, ಅದಕ್ಕ ಧೂಳು ಹತ್ತಿ, ತಂತಿ ಕಂಬಳಿ ಹೊದ್ದಂಗ ಆಗತದ. ಕಂಬಳಿ ಹೊದ್ದವನಿಗೆ ಗಾಳಿ ಏನು ಗೊತ್ತಾಗಬೇಕು?

ಎಲ್ಲಾ ಬಿಗಿದ ಮ್ಯಾಲ ಉಸ್ತಾದ್ ನನಗ ಊದಿನಕಡ್ಡಿ ಹಚ್ಚಲಿಕ್ಕೆ ಹೇಳಿದರು. ಪೂಜಿಗೆ ಅಂತ ನಾ ತಿಳಿದೆ. ಡೀಸೆಲ್, ಪೆಟ್ರೋಲ್ ಡಬ್ಬಿ ದೂರ ಸರಿಸಿ, ಇಂಜನ್ ಚಾಲೂ ಇಟ್ಟು, ಸೆನ್ಸರಿನ ಆಚೆಯ ಒಂದೊಂದು ಜೋಡಣಿ ಹತ್ರ ಆ ಕಡ್ಡಿ ಹಿಡಿದರು. ಒಂದು ಕಡೆ ಹೊಗಿ ಸೊಂಯ್ ಅಂತ ಒಳಗ ಎಳೀತು. ಅಲ್ಲಿ ಕ್ಲಿಪ್ಪು ಸಡಿಲಿತ್ತು. ಸೆನ್ಸರ್ ದಾಟಿದ ಮ್ಯಾಲ ಕಳ್ಳದಾರಿಯಿಂದ ಗಾಳಿ ಬಂದರೆ ಅದು ಯಾರ ಲೆಕ್ಕಕ್ಕೂ ಇಲ್ಲ. ಬಿಗಿದರು.

ಸ್ಕ್ಯಾನರ್ ಹಚ್ಚಿದರು. ಜೋಡಿ ಗಾಡಿ ಬ್ರೇಕ್ ಕೆಲಸ ಮುಗಿದು ಹೋಗಿತ್ತು, ಆದರೆ ಅದರ ಅಂಕಿ ಎಲ್ಲಾ ಅಳಿಯ ಗ್ವಾಡಿ ಮ್ಯಾಲ ಸೀಮೆಸುಣ್ಣದಿಂದ ಬರೆದಿಟ್ಟಿದ್ದ. ಸುಮ್ಮನ ನಿಂತಾಗ ಇಷ್ಟು, ಸಾವಿರದ ಐನೂರು ಸುತ್ತಿಗೆ ಇಷ್ಟು, ಎರಡು ಸಾವಿರಕ್ಕ ಇಷ್ಟು. ಅವ ಎಕ್ಸಲೇಟರ್ ಹಿಡಿದ, ಉಸ್ತಾದ್ ಓದಿದರು, ನಾ ಗ್ವಾಡಿ ನೋಡಿ ತಾಳೆ ಹಾಕಿದೆ. ನೂರಕ್ಕ ತೊಂಬತ್ತೆಂಟು, ತೊಂಬತ್ತೊಂಬತ್ತು. ಅದಕ್ಕಿಂತ ದೊಡ್ಡದು, ಅಂಕಿ ಕುಣೀಲಿಲ್ಲ. ಶ್ರುತಿ ಪೆಟ್ಟಿಗಿ ಹಂಗ ನಿಂತಲ್ಲೇ ನಿಂತಿತ್ತು.

ನನ್ನ ಕಸುಬಿನೊಳಗೂ ಇದೇ ಅದ. ಮೈಕಿಗೆ ಬಾಯಿ ಹಚ್ಚಿ ಹಾಡಿದರೆ ‘ಪ’ ‘ಬ’ ಬಂದಲ್ಲೆಲ್ಲಾ ಭುಸ್ ಅಂತದ, ಹಾಡು ಕೇಳೋದಿಲ್ಲ, ಉಸಿರೇ ಕೇಳತದ. ಜರಾ ದೂರ, ಜರಾ ವಾರಿ ನಿಂತರೆ ಅದೇ ಮೈಕು ಅದೇ ದನಿ ಛಲೋ ಹಿಡೀತದ. ಜಾತ್ರಿಯೊಳಗ ಮೈಕ್ ಕೆಟ್ಟದ ಅಂತ ಬೈಯೋರ ಮುಂದ ನಾ ಎಷ್ಟೋ ಸಲ ಬರೇ ಸರಿದು ನಿಂತು ಹಾಡೀನಿ. ಅಳಿಯನಿಗೆ ಅವತ್ತು ಹೊಸ ಸೆನ್ಸರ್ ತರಬೇಕಾಗಿದ್ದರೆ ಸಾಲ ಇನ್ನೂ ಬೆಳೀತಿತ್ತು, ಗಾಡಿ ಹಂಗೇ ಇರತಿತ್ತು.

ಏಳನೇ ದಿನ ತೊಗರಿ ಚೀಲ ಹೇರಿ ಮಾಲಕರು ತಾವೇ ಸ್ಟಿಯರಿಂಗ್ ಹಿಡಿದರು. ಅಳಿಯ ಬಾಜೂಕ, ಹಿರಿಯರೊಳಗ ಒಬ್ಬರು, ನಾ ಹಿಂದ ಚೀಲದ ಮ್ಯಾಲ. ಅನಂತಗಿರಿ ಏರು ಬಂದಾಗ ನನಗ ಕುತ್ತಿಗಿ ಬಿಗೀತು. ಗಾಡಿ ಮೂರನೇ ಗೇರಿನ್ಯಾಗ ಸಾವಕಾಶ ಹತ್ತಿತು, ಸೋಲಲಿಲ್ಲ. ಹಿಂದ ನೋಡಿದೆ, ಕರೀ ಹೊಗಿ ಇಲ್ಲ. ಮ್ಯಾಲ ಹೋಗಿ ಮಾಲಕರು ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರು. ಮೊದಲಿನ ಮಿರಿಮಿರಿ ಪೈಪಿಲ್ಲ, ಕಂಪನಿ ಕರೀ ನಳಿ, ತುಂಡು ರಬ್ಬರು, ನಾಲ್ಕು ಕ್ಲಿಪ್ಪು.

“ಮೊದಲಿಂದು ನೋಡಲಿಕ್ಕೆ ಚಲೋ ಇತ್ತಲ್ಲೋ” ಅಂದರು. ಅಳಿಯ ಏನೂ ಅನ್ನಲಿಲ್ಲ.

ಉಳಿದ ಅರ್ಧ ರೊಕ್ಕ ತೊಗರಿ ಬಾಡಿಗಿ ಬಂದ ಮ್ಯಾಲ ಕೊಟ್ಟರು, ಬಾಡಿಗಿ ಗಾಡಿ ಖರ್ಚು ಹಿಡಕೊಂಡು. ಅದು ಅನ್ಯಾಯ ಅಂತ ನಾ ಅನ್ನೋದಿಲ್ಲ, ಆ ರಾತ್ರಿ ಅವರಿಗೂ ತ್ರಾಸಾಗಿತ್ತು. ಬೋರಮಾಳ ಯುಗಾದಿ ತನಕ ಒತ್ತಿಯೊಳಗೇ ಇತ್ತು. ಕಂಪನಿ ಡಬ್ಬಿ ಎರಡು ತಿಂಗಳಿಗೆ ಬಂತು, ಕರಾರಿನಂತೆ ಅದನ್ನೇ ಹಚ್ಚಿಕೊಟ್ಟ. ತೆಗೆದ ಪೈಪು, ದಾರ ಅಂಟಿಸಿದ ಪ್ಲಾಸ್ಟಿಕ್ ನಳಿ ಎರಡೂ ಗ್ಯಾರೇಜಿನ ಮೊಳಿಗೆ ನೇತಾಡತಾವ. ಕೆಲಸ ಕಲಿಯಲಿಕ್ಕೆ ಬರೋ ಹುಡುಗರಿಗೆ ಉಸ್ತಾದ್ ಮೊದಲ ದಿನವೇ ಬ್ಲೋವರ್ ಹಚ್ಚಿ ಆ ದಾರ ತೋರಿಸತಾರ. ಆಮೇಲೆ ಗ್ವಾಡಿ ಮ್ಯಾಲಿನ ಸೀಮೆಸುಣ್ಣದ ಅಂಕಿ ತೋರಿಸಿ ಎರಡೂವರೆ ಎರಡೂವರೆಲೆ ಎಷ್ಟು ಅಂತ ಕೇಳತಾರ. ಹತ್ತನೇತ್ತೆ ಪಾಸಾದ ಹುಡುಗರೂ ಮೊಬೈಲ್ ತೆಗೀತಾರ.